ಸುಣ್ಣದ ಗೆರೆ

ಅಳಿಸಿಬಿಡಲೇ? ಅಳಿಸಿದರೆ ಇರಲೇ ಇಲ್ಲವೆಂದಾಗುತ್ತದೆ. ಇಟ್ಟುಕೊಂಡರೆ, ಇದ್ದೂ ಕೊಡಲಿಲ್ಲವೆಂದಾಗುತ್ತದೆ. ಚಾಮರಾಜಪೇಟೆಯ ಹಿಂಬದಿಯ ರಾಜಕಾಲುವೆಯ ದಂಡೆಯಲ್ಲಿ, ಕಬ್ಬಿಣದ ಬೇಲಿಗೆ ಒರಗಿ ನಿಂತಿದ್ದ ಸಂಕರ್ಷಣ ಫೋನಿನಲ್ಲಿದ್ದ ಆ ಫೋಟೋವನ್ನು ಮತ್ತೊಮ್ಮೆ ನೋಡಿದ. ಹೆಗಲೆತ್ತರದ ಒಂದು ಕಲ್ಲು. ಅದರ ಮೈಮೇಲೆ ಒಂದರ ಮೇಲೊಂದರಂತೆ ಏಳು ಸುಣ್ಣದ ಗೆರೆಗಳು. ಹೆಜ್ಜೆ ಸದ್ದಾಯಿತು. ಫೋನನ್ನು ಜೇಬಿಗಿಳಿಸಿದ.

ಬಂದವರು ಇಬ್ಬರು. ಬಡಾವಣೆ ಸಮಿತಿಯ ಕಾರ್ಯದರ್ಶಿ ಆರಾಧನಾ, ಜೊತೆಗೆ ಹರಿಕೃಷ್ಣ. ಈ ಕಾಲುವೆಯ ದಂಡೆ ಒಂದು ಕಾಲಕ್ಕೆ ಪೇಟೆಗೆ ಸರಕು ಹೊರುವ ಗಾಡಿದಾರಿಯೂ ಆಗಿತ್ತೆಂದು ಜನರಿಗೆ ತಿಳಿಸಲು ಸಮಿತಿ ಆರು ಫಲಕಗಳನ್ನು ನಿಲ್ಲಿಸುತ್ತಿತ್ತು. ಐದು ನಿಂತಾಗಿತ್ತು. ಐದರ ಬರಹವೂ ಸಂಕರ್ಷಣನದೇ. ಕಾಲೇಜಿನಲ್ಲಿ ಇತಿಹಾಸ ಹೇಳುವ ಅವನು ಒಂಬತ್ತು ವರ್ಷ ಪ್ರತಿ ಭಾನುವಾರ ಈ ದಂಡೆಯನ್ನು ಅಳೆದಿದ್ದ. ಫೋಟೋದಲ್ಲಿದ್ದ, ಈಗ ಅವನ ಪಕ್ಕದಲ್ಲೇ ಇದ್ದ ಕಲ್ಲಿನ ಬಗೆಗಿನ ಆರನೆಯ ಫಲಕಕ್ಕೆ ಮಾತ್ರ ಎರಡು ಬರಹ ಬಂದಿದ್ದವು. ಇನ್ನೊಂದು ಹರಿಕೃಷ್ಣನದು. ಹೈಸ್ಕೂಲಿನಿಂದಲೂ ಗೆಳೆಯ, ಈಗ ತರಕಾರಿ ಅಂಗಡಿಯವನು. ಆ ಒಂಬತ್ತು ವರ್ಷವೂ ಟೇಪಿನ ಇನ್ನೊಂದು ತುದಿ ಹಿಡಿದು ನಿಂತದ್ದಷ್ಟೇ ಅವನ ಕೆಲಸ.

“ಸರ್, ನೀವು ಇದನ್ನ ಹೊರೆ ಇಳಿಸೋ ಕಲ್ಲು ಅಂತ ಬರ್ದಿದೀರಿ. ಇರ್ಬಹುದು,” ಎಂದಳು ಆರಾಧನಾ. “ಆದ್ರೆ ಇವರ ನಾಲ್ಕು ಸಾಲು ಓದಿದ್ಮೇಲೆ ಮೀಟಿಂಗಲ್ಲಿ ಎಲ್ರೂ ಇನ್ನೊಂದ್ಸಲ ಓದಿ ಅಂದ್ರು.”

ಆ ನಾಲ್ಕು ಸಾಲು ಸಂಕರ್ಷಣನಿಗೆ ಬಾಯಿಪಾಠವಾಗಿಹೋಗಿತ್ತು. ಕಾಲುವೆ ಉಕ್ಕಿದ ವರ್ಷ ನೀರು ಏರಿದಷ್ಟು ಎತ್ತರಕ್ಕೆ ನಮ್ಮ ಮನೆಯ ಹಿರಿಯ ಹೆಂಗಸು ಈ ಕಲ್ಲಿಗೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಪ್ರತಿ ಯುಗಾದಿಗೆ ಮನೆಗೆ ಸುಣ್ಣ ಬಳಿಯುವಾಗ ಹಳೆಯ ಗೆರೆಗಳಿಗೂ ಹೊಸ ಸುಣ್ಣ ಬೀಳುತ್ತಿತ್ತು. ಕೆಳಗಿನ ಗೆರೆ ಮುಳುಗಿದ ದಿನ ಪೇಟೆಗೆ ಸೊಪ್ಪಿನ ಗಾಡಿ ಕಟ್ಟುವಂತಿರಲಿಲ್ಲ. ಮುಳುಗಿತೋ ಇಲ್ಲವೋ ಎಂದು ಹೇಳುವ ಹಕ್ಕು ಗಂಡಸರಿಗಿರಲಿಲ್ಲ.

ಕೊನೆಯ ಸಾಲಿನಂಥದ್ದು ತನ್ನ ಐದು ಫಲಕಗಳಲ್ಲಿ ಒಂದರಲ್ಲೂ ಇಲ್ಲವೆಂದು ಸಂಕರ್ಷಣನಿಗೆ ಗೊತ್ತಿತ್ತು. ಅದನ್ನು ಮೊದಲ ಸಲ ಓದಿದ ರಾತ್ರಿ ಅವನು ಊಟ ಮಾಡಿರಲಿಲ್ಲ.

“ಆದ್ರೆ ಗೆರೆ ಎಲ್ಲಿ?” ಆರಾಧನಾ ಬೋಳು ಕಲ್ಲನ್ನು ಸವರಿದಳು. “ಒಂದು ಹಳೇ ಫೋಟೋ ಸಿಕ್ರೂ ಸಾಕು, ಇವರದ್ದೇ ಹಾಕಿಸ್ತೀನಿ. ಇಲ್ದಿದ್ರೆ ಸರ್ ಬರೆದಿರೋದನ್ನೇ ಕೊಡ್ಬೇಕಾಗುತ್ತೆ. ಸಂಜೆ ಒಳಗೆ ಕೆತ್ತೋರಿಗೆ ಕಳಿಸ್ಬೇಕು.”

“ಎರಡು ವರ್ಷದ ಹಿಂದೆ ಯಾರೋ ಉಜ್ಜಿಬಿಟ್ರು ಮೇಡಂ. ಬೇಲಿಗೆ ಪೇಂಟ್ ಹೊಡೆಯೋರಿರ್ಬೇಕು,” ಎಂದ ಹರಿಕೃಷ್ಣ. “ಆವತ್ತಿಂದ ಅಮ್ಮ ಬಳಿಯೋದೇ ಬಿಟ್ಟುಬಿಟ್ರು.”

ಸಂಕರ್ಷಣ ಕಾಲುವೆಯ ಕಪ್ಪು ನೀರನ್ನು ನೋಡಿದ. ಉಜ್ಜಿದವನು ಅವನೇ. ಸುಣ್ಣದ ಪದರದಡಿ ಅಕ್ಷರಗಳಿರಬಹುದೆಂಬ ಆಸೆಯಿಂದ ಒಂದು ಮುಂಜಾನೆ ತಂತಿ ಬ್ರಷ್ಷು ತಂದಿದ್ದ. ಉಜ್ಜುವ ಮೊದಲು ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ ಫೋಟೋ ತೆಗೆದಿದ್ದ. ಅವನ ಕೆಲಸದ ಕ್ರಮವೇ ಹಾಗೆ. ಅಕ್ಷರ ಒಂದೂ ಇರಲಿಲ್ಲ. ಈಗ ಫೋಟೋ ತೋರಿಸಿದರೆ ಸಿಕ್ಕಿಬೀಳುವ ಭಯವೇನೂ ಇರಲಿಲ್ಲ, ಯಾವಾಗಲೋ ತೆಗೆದದ್ದೆಂದರೆ ಮುಗಿಯಿತು. ಅವನ ಕೈಯನ್ನು ತಡೆದದ್ದು ಭಯವಲ್ಲ. ಆ ನಾಲ್ಕು ಸಾಲು.

“ಮಗಾ, ನಿನ್ಹತ್ರ ಇರ್ಲೇಬೇಕಲ್ಲೋ,” ಎಂದು ಹರಿಕೃಷ್ಣ ಅವನತ್ತ ತಿರುಗಿದ. “ಹಿಂದೆ ಯಾವ್ದೋ ಮೋರಿ ಕಾಣುತ್ತೆ ಅಂತ ನನ್ ಸ್ಕೂಟರ್ ಫೋಟೋನೂ ತೆಗ್ದಿದ್ದೆ ನೀನು.”

“ಹಳೇ ಫೋನ್ ಕೆಟ್ಟಾಗ ಎಲ್ಲಾ ಹೋಯ್ತು ಗುರು.”

“ನಿಂಗೂ ಹಿಂಗಾಗುತ್ತಾ? ನಾನು ಕೊಡೆ ಕಳ್ಕೊಂಡ್ರೆ ತಿಂಗಳುಗಟ್ಟಲೆ ಆಡ್ಕೋತೀಯ.” ಹರಿಕೃಷ್ಣ ನಕ್ಕ. ಆಮೇಲೆ ಅವನ ಹೆಗಲು ತಟ್ಟಿದ. “ಬಿಡು, ನಿಂದೇ ಹಾಕ್ಲಿ. ಆರೂ ನಿಂದೇ ಆದ್ರೆ ಚೆನ್ನಾಗಿರುತ್ತೆ.”

ಅವನು ಅದನ್ನು ಮನಸಾರೆ ಹೇಳಿದ್ದ. ಸಂಕರ್ಷಣನಿಗೆ ಅದನ್ನೂ ಸಹಿಸಲಾಗಲಿಲ್ಲ.

ಅಷ್ಟರಲ್ಲಿ ಎದುರಿನ ಮನೆಯಿಂದ ಹರಿಕೃಷ್ಣನ ತಾಯಿ ದ್ರೌಪದಮ್ಮ ಒಂದು ಡಬ್ಬಿ ಹಿಡಿದು ನಿಧಾನವಾಗಿ ಬಂದರು. ಒಳಗೆ ಕಲಸಿದ ಸುಣ್ಣ. “ಫೋಟೋ ಇಲ್ದಿದ್ರೆ ಏನೀಗ? ನಾನಿನ್ನೂ ಇದೀನಲ್ಲ.”

“ಈಗ ಎಳೆದ್ರೆ ಪುರಾವೆ ಆಗಲ್ಲ ಅಮ್ಮಾ,” ಎಂದಳು ಆರಾಧನಾ ಮೆಲ್ಲಗೆ.

“ಪುರಾವೆ ನೀವು ಇಟ್ಕೊಳ್ಳಿ ತಾಯಿ. ನಾನು ಕಣ್ಮುಚ್ಚೋ ಮೊದ್ಲು ಗೆರೆ ಇದ್ದಲ್ಲಿ ಇರ್ಲಿ.” ಅವರು ಕುಕ್ಕರಗಾಲಲ್ಲಿ ಕೂತು ಕೆಳಗಿನ ಗೆರೆ ಎಳೆದರು. ಗಾಡಿ ನಿಲ್ಲಿಸುವ ಗೆರೆ. ಆಮೇಲೆ ಎದ್ದು ಒಂದೊಂದನ್ನೇ. ಏಳನೆಯದಕ್ಕೆ ಬೆರಳು ತಡೆಯಿತು.

“ಇದು ನಮ್ಮತ್ತೆ ಎಳೆದಿದ್ದು. ನಾನು ಮದ್ವೆಯಾಗಿ ಬಂದ ವರ್ಷ. ಕಟ್ಟಿದ್ದ ಜೋಡಿ ಎತ್ತೂ ಹೋದ್ವು ಆ ನೀರಲ್ಲಿ. ಸರಿಯಾಗಿ ನನ್ನ ಗದ್ದಕ್ಕೆ ಬರ್ತಿತ್ತು.”

ದ್ರೌಪದಮ್ಮ ಕಲ್ಲಿಗೆ ಒತ್ತಿ ನಿಂತು ತಮ್ಮ ಗದ್ದ ತಾಗಿದ ಜಾಗದಲ್ಲಿ ಬೆರಳಿಟ್ಟರು. ಅವರ ಬೆನ್ನು ಬಾಗಿ ಬಹಳ ವರ್ಷಗಳಾಗಿದ್ದವು. ಆರಾಧನಾ ಚಿತ್ರ ತೆಗೆಯಲು ಫೋನ್ ಎತ್ತಿ ಹಿಡಿದಳು.

“ಇಲ್ಲೇ ಅಲ್ವೇನಪ್ಪಾ ಸಂಕರ್ಷಣ? ಎಷ್ಟು ಸಲ ನೋಡಿದೀಯ ನೀನು.”

“ಹ್ಞೂಂ,” ಎಂದ.

ಸುಣ್ಣದ ಬೆರಳು ಎಡದಿಂದ ಬಲಕ್ಕೆ ಸರಿಯಿತು.

ಇನ್ನೊಂದು ಗೇಣು ಮೇಲೆ ಎಂದು ಅವನು ಹೇಳಲಿಲ್ಲ.