ಖಾಲಿ ಬಿಟ್ಟ ಮೂಲೆ

ಚಾಪೆ, ತಟ್ಟೆ, ಚೊಂಬು ಎತ್ತಿಕೊಂಡು ಭಾನುಪ್ರಿಯಾ ಹೊರಜಗಲಿಗೆ ಬಂದು ಕುಳಿತಳು. ಈ ಸುಳ್ಳು ಹೇಳುತ್ತಿರುವುದು ಎರಡನೇ ಸಲ. ಹೋದ ತಿಂಗಳು ನಾಲಿಗೆ ತಡವರಿಸಿತ್ತು. ಈ ಸಲ ಸಲೀಸಾಗಿ ಬಂತು.

"ಅತ್ತೆ, ನಾನು ಹೊರಗಾದೆ."

ಚಿಕ್ಕವೆಂಕಟಮ್ಮ ಹಿಪ್ಪುನೇರಳೆ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿ ಸೊಸೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ಹೋದ ತಿಂಗಳಂತೆಯೇ, ಬೀದಿಗೆಲ್ಲ ಕೇಳುವಂತೆ ಎದುರುಮನೆಗೆ ಕೂಗಿದಳು.

"ಅಕ್ಕಯ್ಯಮ್ಮಾ, ನಮ್ಮ ಭಾನು ಹೊರಗೆ ಕೂತವ್ಳೆ. ಸೊಪ್ಪು ಹಾಕೋಕೆ ನೀನೇ ಬಾರಮ್ಮ."

ಸೊಸೆಯ ಕಡೆ ತಿರುಗಿದಾಗ ದನಿ ಮೆತ್ತಗಾಗಿತ್ತು. "ಹುಳುಮನೆ ಕಡೆ ಸುಳೀಬೇಡ, ಅಷ್ಟೆ. ಇಲ್ಲಿ ಸುಮ್ನೆ ಕೂತು ಏನ್ ಮಾಡ್ತೀಯ, ಎಲ್ಲಾದ್ರೂ ಹೋಗ್ಬಾ."

ದಿಬ್ಬೂರಹಳ್ಳಿಯ ಆ ಮನೆಯಲ್ಲಿ ಮುಟ್ಟಾದವಳ ನೆರಳು ಬಿದ್ದರೆ ರೇಷ್ಮೆ ಬೆಳೆ ಹೋಗುತ್ತದೆ ಎಂಬ ನಂಬಿಕೆ. ಮಿಕ್ಕ ದಿನಗಳಲ್ಲಿ ಸೊಪ್ಪು, ಕಸ, ಒಲೆ ಎಂದು ಬೆನ್ನು ನೆಟ್ಟಗೆ ಮಾಡಲು ಬಿಡದ ಮನೆ, ಆ ಮೂರು ದಿನ ಮಾತ್ರ ಅವಳು ಎಲ್ಲಿದ್ದಾಳೆಂದು ಕೇಳುತ್ತಿರಲಿಲ್ಲ. ಅವಳಿಗೆ ಬೇಕಿದ್ದದ್ದೂ ಅದೇ. ಶಿಡ್ಲಘಟ್ಟದ ಶಾಲೆಯ ಬಯಲಿನಲ್ಲಿ ತನುಜ ಟೆನಿಕಾಯ್ಟ್ ರಿಂಗ್ ಹಿಡಿದು ಕಾಯುತ್ತಿದ್ದಳು.

ಕಾಲೇಜಿನಲ್ಲಿ ಇಬ್ಬರೂ ಡಬಲ್ಸ್ ಜೋಡಿ. ತನುಜ ಈಗ ಅದೇ ಖಾಸಗಿ ಶಾಲೆಯಲ್ಲಿ ಆಟದ ಮೇಡಂ. ಹೊಸ ಜಿಲ್ಲೆಯ ಮೊದಲ ಮಹಿಳಾ ಕ್ರೀಡಾಕೂಟದಲ್ಲಿ ಗೆದ್ದು ಬಂದರೆ ಭಾನುವಿಗೂ ಅಲ್ಲೇ ಕೆಲಸ ಎಂದು ಶಾಲೆಯವರು ಮಾತು ಕೊಟ್ಟಿದ್ದರು. ಆ ಕೆಲಸ ಸಿಕ್ಕರೆ ಅತ್ತೆಯ ಮನೆಯಲ್ಲಿ ತಾನೂ ಒಬ್ಬಳಾಗಿ ಉಳಿದೇನು ಎಂದು ಭಾನುವಿಗಿತ್ತು. ಕೆಂಚಾರ್ಲಹಳ್ಳಿಯ ತನ್ನ ತಮ್ಮನ ಮಗಳು ಹರಿಣಿಯನ್ನೇ ಸೊಸೆಯಾಗಿ ತರಬೇಕೆಂದಿದ್ದವಳು ಚಿಕ್ಕವೆಂಕಟಮ್ಮ. ಮಗ ರಮೇಶ್‌ಬಾಬು ಹಟ ಹಿಡಿದು ಭಾನುವನ್ನು ಕಟ್ಟಿಕೊಂಡ. ಕಟ್ಟಿಕೊಂಡವನು ಬಳ್ಳಾರಿ ಕಡೆ ರಸ್ತೆ ಕೆಲಸಕ್ಕೆ ಹೊರಟುಹೋದ. ಕಡೆಯದಾಗಿ ಊರಿಗೆ ಬಂದದ್ದು ಸಂಕ್ರಾಂತಿಗೆ.

ಅವಳ ಹೊಟ್ಟೆಯಲ್ಲಿರುವುದೂ ಸಂಕ್ರಾಂತಿಯದೇ. ತನುಜಳಿಗೆ ಮಾತ್ರ ಗೊತ್ತಿತ್ತು.

"ಹೇಳ್ಬಿಡೇ ನಿಮ್ಮತ್ತೆಗೆ," ಎಂದಳು ತನುಜ.

"ಹೇಳಿದ್ರೆ ಹೊಸಲು ದಾಟೋಕೆ ಬಿಡ್ತಾರಾ? ಫೈನಲ್ ಆಗ್ಲಿ. ಕಪ್ಪು, ಮೊಮ್ಮಗು ಎರಡನ್ನೂ ಒಟ್ಟಿಗೇ ಕೊಡ್ತೀನಿ. ಆ ಖುಷೀಲಿ ಸುಳ್ಳು ಹೇಳಿದ್ದನ್ನೂ ಮರೀತಾರೆ."

"ಡಬಲ್ಸ್‌ಗೆ ಮೂರು ಜನ ಇಳಿದಿದೀರ ಅಂತ ಫೌಲ್ ಕೊಟ್ಟಾರು ಕಣೇ."

ಮೂರನೇ ದಿನ ಚಿಕ್ಕಬಳ್ಳಾಪುರದಲ್ಲಿ ಫೈನಲ್. ಎದುರಿಗೆ ಚಿಂತಾಮಣಿಯ ಜೋಡಿ, ಒಬ್ಬಳು ಉದ್ದ, ಒಬ್ಬಳು ಕುಳ್ಳಿ. ಭಾನುವಿನ ಎಡಗೈ ಆಗಾಗ ಹೊಟ್ಟೆಗೆ ಹೋಗುವುದನ್ನು ಅವರು ಮೊದಲ ಸೆಟ್ಟಿನಲ್ಲೇ ಹಿಡಿದುಬಿಟ್ಟರು. ಆಮೇಲೆ ರಿಂಗ್ ಬಂದದ್ದೆಲ್ಲ ಅವಳ ಹೊಟ್ಟೆಗೇ. ಅವಳು ಹಿಂದೆ ಸರಿದಳು, ಕೈ ತಪ್ಪಿತು, ಸೆಟ್ಟೂ ಹೋಯಿತು.

"ಏಮಮ್ಮಾ, ಅಪ್ಪುಡೇ ಅಲಸಿಪೋಯಿನಾವಾ?" ಇಷ್ಟಕ್ಕೇ ಸುಸ್ತಾದೆಯಾ ಎಂದು ತೆಲುಗಿನಲ್ಲಿ ಕೆಣಕಿದಳು ಕುಳ್ಳಿ, ಏದುಸಿರು ಬಿಡುತ್ತಿದ್ದ ಭಾನುವನ್ನು ನೋಡಿ.

ಭಾನು ಮನೆ, ಅತ್ತೆ, ಹೊಟ್ಟೆ ಎಲ್ಲವನ್ನೂ ಗೆರೆಯ ಆಚೆ ಬಿಟ್ಟಳು. ಕಣ್ಣಿಗೆ ರಬ್ಬರಿನ ಬಳೆಯೊಂದೇ ಉಳಿಯಿತು. ಎರಡನೇ ಸೆಟ್ ಭಾನು, ತನುಜರದಾಯಿತು.

ಮೂರನೆಯದರಲ್ಲಿ ಉದ್ದನೆಯವಳು ಸ್ವಲ್ಪ ಎಡಕ್ಕೆ ಸರಿದು ನಿಂತಳು. ಬಲಮೂಲೆ ಪೂರಾ ಖಾಲಿ. ಭಾನು ಎರಡು ಸಲ ಅಲ್ಲಿಗೇ ಎಸೆದಳು. ಎರಡೂ ಸಲ ಉದ್ದನೆಯವಳು ಹಾರಿ ಹಿಡಿದು ನೆಟ್ಟಿನ ಬುಡಕ್ಕೆ ಇಳಿಸಿದಳು.

ತನುಜ ಹತ್ತಿರ ಬಂದಳು. "ಅದು ಖಾಲಿ ಅಲ್ಲಮ್ಮ. ನಿನ್ನ ಕರೀತಿದ್ದಾಳೆ. ಇಬ್ಬರ ಮಧ್ಯಕ್ಕೆ ಹಾಕು."

ಮಧ್ಯಕ್ಕೆ ಬಂದ ರಿಂಗನ್ನು ನೀನು ಹಿಡಿ, ನೀನು ಹಿಡಿ ಎಂದು ಇಬ್ಬರೂ ನೋಡುತ್ತ ನಿಂತರು. ಕೊನೆಯ ಪಾಯಿಂಟೂ ಹಾಗೆಯೇ ಬಿತ್ತು.

ಸಂಜೆ ಅವಳು ಊರಿಗೆ ಬಂದಾಗ ಹುಳು ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದಿತ್ತು. ಅಂಗಳದಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಕೂತು ಹಣ್ಣು ಹುಳು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಭಾನು ಬೀದಿಯಲ್ಲೇ ನಿಂತು ಕಪ್ಪು ತೋರಿಸಿ, ಆಟದ ವಿಷಯ ಹೇಳಿದಳು.

"ಇನ್ನೊಂದು ವಿಷಯ ಅತ್ತೆ. ನಾನು ಬಸುರಿ. ಸಂಕ್ರಾಂತಿಯಿಂದ."

ಚಿಕ್ಕವೆಂಕಟಮ್ಮ ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು ಸೆರಗಿಗೆ ಬೆರಳು ಒರೆಸಿಕೊಂಡಳು.

"ಅಕ್ಕಯ್ಯಮ್ಮ, ಹೋದ ತಿಂಗಳು ಇವಳು ಹೊರಗೆ ಕೂತಿದ್ಲಾ?"

"ಕೂತಿದ್ಲಲ್ಲ. ನೀನೇ ಕೂಗಿ ಹೇಳ್ದೆ. ನಾನೇ ಅಲ್ವಾ ಸೊಪ್ಪು ಹಾಕಿದ್ದು?"

"ನಾಲ್ಕನೇ ದಿನ ನಾನೇ ತಲೆಗೆ ನೀರು ಹಾಕಿದೀನಿ. ನನ್ನ ಮಗ ಬಂದು ಹೋಗಿದ್ದು ಸಂಕ್ರಾಂತಿಗೆ. ಆಮೇಲೆ ಈ ಕಡೆ ಬಂದೇ ಇಲ್ಲ."

ಹೆಂಗಸರ ಕೈಗಳು ನಿಂತವು.

"ಅದು ಸುಳ್ಳು ಅತ್ತೆ," ಎಂದಳು ಭಾನು. "ಎರಡು ಸಲಾನೂ ಸುಳ್ಳೇ. ಆಟಕ್ಕೆ ಹೋಗೋಕೆ ಹೇಳಿದ್ದು."

"ಈ ತಿಂಗಳದ್ದು ಸುಳ್ಳೇ ಇರ್ಲಿ. ಬಸುರು ಮುಚ್ಚಿಟ್ಕೊಳ್ಳೋಕೆ ಬೇಕಲ್ಲ. ಹೋದ ತಿಂಗಳದ್ದು ಊರೇ ಕಂಡಿದೆ."

"ಯಾವ ಆಟವೋ," ಎಂದಳು ಹಿಂದಿನಿಂದ ಒಬ್ಬಳು. ಯಾರೋ ಕಿಸಕ್ಕೆಂದರು.

ಚಿಕ್ಕವೆಂಕಟಮ್ಮ ಎಲ್ಲರೆದುರೇ ಮಗನಿಗೆ ಫೋನ್ ಮಾಡಿದಳು. ಒಂದು ಮಾತೂ ಹೆಚ್ಚು ಹೇಳಲಿಲ್ಲ. ಎಲ್ಲರೂ ಕಂಡದ್ದನ್ನಷ್ಟೇ ಹೇಳಿ ಫೋನನ್ನು ಸೊಸೆಗೆ ಕೊಟ್ಟಳು. ಭಾನು "ರೀ" ಎನ್ನುವಷ್ಟರಲ್ಲಿ ಆ ಕಡೆ ಇಟ್ಟಾಗಿತ್ತು. ಮತ್ತೆ ಮಾಡಿದಳು. ಎತ್ತಲಿಲ್ಲ.

ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅಕ್ಕಯ್ಯಮ್ಮ ತಲೆ ತಗ್ಗಿಸಿ ಹುಳು ಆರಿಸತೊಡಗಿದಳು.

ಬಟ್ಟೆಯ ಚೀಲ ಹೊರಗೆ ಬಂತು. ತವರಿನ ಬಸ್ಸು ಹತ್ತಿಸಲು ಅತ್ತೆಯೇ ಜೊತೆಗೆ ಬಂದಳು. ಬೀದಿ ದಾಟಿ, ಯಾರೂ ಇಲ್ಲದ ಕಡೆ ಬಂದ ಮೇಲೆ ಸೊಸೆಯ ಸೆರಗನ್ನು ಹೆಗಲ ಮೇಲೆ ಸರಿಮಾಡಿ, ಮೆತ್ತಗೆ ಹೇಳಿದಳು.

"ಮಗು ನನ್ನ ಮಗಂದೇ ಕಣಮ್ಮ, ನಂಗೊತ್ತು. ಆದ್ರೆ ನಮ್ಮನೆಗೆ ಹರಿಣಿನೇ ಬರ್ಬೇಕು. ಹೊರಗೆ ಕೂತಿದ್ದು ಸುಳ್ಳು ಅಂತ ಮೊದಲನೇ ಸಲ ನೀನು ತಡವರಿಸಿದಾಗ್ಲೇ ಗೊತ್ತಾಯ್ತು. ಇಲ್ದಿದ್ರೆ ಊರಿಗೆಲ್ಲ ಯಾಕೆ ಕೂಗಿ ಹೇಳ್ತಿದ್ದೆ?"