ಠಣ್ ಎನ್ನದ ತಟ್ಟೆಗಳು

ಹರಾಜು ಮಳಿಗೆಯ ಪರೀಕ್ಷಕ ಮೊದಲ ತಟ್ಟೆಯನ್ನು ಬೆರಳ ತುದಿಗಳ ಮೇಲೆ ನಿಲ್ಲಿಸಿಕೊಂಡು ಅಂಚಿಗೆ ಉಗುರಿನಿಂದ ಮೆಲ್ಲಗೆ ಬಡಿದ. ಠಣ್ ಎಂದಿತು. "ಹಳೇ ಫ್ರೆಂಚ್ ಪಿಂಗಾಣಿ ಅಮ್ಮ. ಗಟ್ಟಿ ಇದ್ರೆ ಹೀಗೆ ಹಾಡುತ್ತೆ. ಒಡೆದು ಅಂಟಿಸಿದ್ರೆ ಮಾತ್ರ ದನಿ ಸತ್ತುಹೋಗಿರುತ್ತೆ" ಎಂದ.

ಅತ್ತೆಯ ಪಕ್ಕದಲ್ಲಿ ನಿಂತಿದ್ದ ಸೊಸೆಯ ಕಣ್ಣು ತಟ್ಟೆಗಳ ರಾಶಿಯ ಅಡಿಗೆ ಹೋಯಿತು. ಮದುವೆಯಾದ ಹೊಸತರಲ್ಲಿ ಅವಳ ಕೈಜಾರಿ ಒಂದು ತಟ್ಟೆ ಎರಡು ಹೋಳಾಗಿತ್ತು. ಅಂಟು ಹಚ್ಚಿ ಕೂಡಿಸಿ, ಬಿರುಕು ನೀಲಿ ಹೂಬಳ್ಳಿಯ ಗೆರೆಯಲ್ಲಿ ಮರೆಯಾದದ್ದು ತನ್ನ ಪುಣ್ಯ ಎಂದುಕೊಂಡು, ಎಲ್ಲದರ ಅಡಿಗೆ ಸೇರಿಸಿಬಿಟ್ಟಿದ್ದಳು. ಅತ್ತೆಗೆ ಇದರ ಗಾಳಿಯೂ ಸೋಕಿರಲಿಲ್ಲ. ಬಂದವರೆದುರು, ಹೋದವರೆದುರು "ನನ್ನ ಸೊಸೆ ಕೈಯಲ್ಲಿ ಒಂದು ಲೋಟ ಕೂಡ ಒಡೆದದ್ದಿಲ್ಲ" ಎಂದು ಹೊಗಳಿದ್ದೇ ಹೊಗಳಿದ್ದು. ಕೇಳಿದಾಗಲೆಲ್ಲ ಸೊಸೆಗೆ ನಾಚಿಕೆಯಾಗುತ್ತಿತ್ತು. ಆದರೆ ಆ ಹೊಗಳಿಕೆ ಕಳೆದುಕೊಳ್ಳುವುದಕ್ಕೂ ಅವಳಿಗೆ ಮನಸ್ಸಿರಲಿಲ್ಲ.

ಅಸಲಿಗೆ ಆ ತಟ್ಟೆಗಳಲ್ಲಿ ಯಾರೂ ಒಂದು ತುತ್ತು ಉಂಡವರಲ್ಲ. ಮನೆಗೆ ಬಂದ ಯಾವ ನೆಂಟನೂ ಅವಕ್ಕೆ ತಕ್ಕಷ್ಟು ದೊಡ್ಡವನಾಗಲಿಲ್ಲ. ವರ್ಷಕ್ಕೊಮ್ಮೆ ಕಪಾಟಿನಿಂದ ಇಳಿಸಿ ಸೊಸೆ ತೊಳೆಯಬೇಕು, ಅತ್ತೆ ಬಾಗಿಲಲ್ಲಿ ನಿಂತು "ಹುಷಾರು ಕಣೇ, ಹುಷಾರು!" ಎನ್ನಬೇಕು, ಮತ್ತೆ ಕಪಾಟಿಗೆ. ಈಗ ಚಿಕ್ಕ ಮನೆಗೆ ಹೋಗಬೇಕಾಗಿ ಬಂದು, ಅಲ್ಲಿ ಕಪಾಟಿಗೇ ಜಾಗವಿಲ್ಲವೆಂದು ಅತ್ತೆಯೇ ಹರಾಜಿಗೆ ಒಪ್ಪಿದ್ದರು.

ಠಣ್, ಠಣ್ ಎನ್ನುತ್ತ ರಾಶಿ ಕರಗುತ್ತಿತ್ತು. ಅರ್ಧಕ್ಕೆ ಬಂದಾಗ ಒಂದು ತಟ್ಟೆ ಟಪ್ ಎಂದಿತು. ಸೊಸೆ ಬೆಚ್ಚಿದಳು. ತನ್ನದು ಅಡಿಯಲ್ಲಿರಬೇಕಲ್ಲ! ಇದು ಯಾರದು? ತಿರುಗಿ ನೋಡಿದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ, ತಿರುಗದ ಫ್ಯಾನನ್ನೇ ನೋಡುತ್ತಿದ್ದರು.

ಕಡೆಯ ತಟ್ಟೆಯೂ ಟಪ್ ಎಂದಿತು. ಈಗ ಅತ್ತೆ ಫ್ಯಾನು ಬಿಟ್ಟು ಸೊಸೆಯ ಮುಖ ನೋಡಿದರು.

"ಎರಡಕ್ಕೂ ಬೆಲೆ ಇಲ್ಲಮ್ಮ, ವಾಪಸ್ ತಗೊಂಡು ಹೋಗಿ. ಯಾರು ಅಂಟಿಸಿದ್ದು ಇಷ್ಟು ಚೆನ್ನಾಗಿ?" ಪರೀಕ್ಷಕ ನಕ್ಕ.

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಎರಡೂ ನಾನೇ" ಎಂದುಬಿಟ್ಟರು.

ಹರಾಜು ಶುರುವಾದಾಗ ಇಬ್ಬರೂ ಹಿಂದಿನ ಕುರ್ಚಿಗಳಲ್ಲಿ, ಹಳೇ ಪೇಪರು ಸುತ್ತಿದ ಒಂದೊಂದು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮುಂದೆ ಕೂಗು ಏರುತ್ತಿತ್ತು. ಸೊಸೆ ಪಿಸುಗುಟ್ಟಿದಳು. "ಅತ್ತೆ, ಇನ್ನೊಂದು ನೀವಲ್ಲ…"

"ಗೊತ್ತಾಯ್ತು ಬಿಡೇ. ಈಗ ಅಲ್ಲಿ ನಿನ್ನ ಮುಖ ನೋಡಿದೆನಲ್ಲ. ನಾನು ಒಡೆದ ದಿನ ಕನ್ನಡೀಲಿ ಅದೇ ಮುಖ ಕಂಡಿತ್ತು."

"ನೀವು ಯಾಕೆ ಮುಚ್ಚಿಟ್ರಿ? ನಿಮ್ಮನ್ನ ಕೇಳೋರು ಯಾರಿದ್ರು?"

"ನನಗೂ ಒಬ್ಬರು ಅತ್ತೆ ಇದ್ರು ಕಣೇ!"

ಸೊಸೆಗೆ ನಗು ತಡೆಯಲಾಗಲಿಲ್ಲ. "ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತಾರಲ್ಲ…"

"ಕೇಳಿಸಿಕೊಂಡೆಯಲ್ಲ? ಸೊಸೆ ಒಡೆದದ್ದಕ್ಕೂ ಇಲ್ವಂತೆ" ಎಂದರು ಅತ್ತೆ. ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕ ನಗುವಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಆ ಗದ್ದಲದಲ್ಲಿ ಸುತ್ತಿಗೆ ಯಾವಾಗ ಬಿತ್ತೋ, ತಲೆಮಾರುಗಳ ಪಿಂಗಾಣಿ ಯಾರ ಪಾಲಾಯಿತೋ, ಇಬ್ಬರೂ ನೋಡಲೇ ಇಲ್ಲ. ಎಷ್ಟೋ ವರ್ಷಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದು ಸೊಸೆಗೆ ಜೀವ ಹಗುರಾಗಿತ್ತು.

ಮನೆಗೆ ಬಂದವರೇ ಆ ಎರಡು ತಟ್ಟೆಗಳಲ್ಲಿ ಎದುರುಬದುರು ಕೂತು ಉಂಡರು. ಅನ್ನ ಎಂದಿನದೇ, ಸಾರು ನಿನ್ನೆಯದೇ. ಆದರೂ ಅತ್ತೆ ಎರಡನೇ ಸಲ ಬಡಿಸಿಕೊಂಡರು.

ಉಂಡು ಮುಗಿಸಿ ಸೊಸೆ ತಟ್ಟೆಗಳನ್ನು ಸಿಂಕಿಗೆ ಒಯ್ದು ನಲ್ಲಿ ತಿರುಗಿಸಿದಳು. ಅತ್ತೆ ಅಭ್ಯಾಸದಂತೆ ಬಾಗಿಲಿಗೆ ಬಂದು ನಿಂತರು. ಸೊಸೆ 'ಹುಷಾರು' ಎಂಬ ಮಾತಿಗೆ ಕಾದಳು.

"ಒಡೆದ್ರೆ ಒಡೀಲಿ ಕಣೇ" ಎಂದರು ಅತ್ತೆ. "ಅಂಟು ಮೇಲಿನ ಡಬ್ಬೀಲಿದೆ."