ಮದುವೆಯ ಕ್ಯಾಸೆಟ್ಟು

ವಿಸಿಆರ್ ಒಳಗಿಂದ ಕರಕರ ಸದ್ದು ಬಂತು. ಟೇಪಣ್ಣ ಕೈ ಚಾಚುವಷ್ಟರಲ್ಲಿ ಪರದೆಯ ಮೇಲಿನ ಮದುವೆ ಹೊಯ್ದಾಡಿ ಮಾಯವಾಯಿತು.

“ಅಣ್ಣಾ, ತಿಂದ್ಬಿಡ್ತು!” ಹೆಂಗಸು ಕುರ್ಚಿಯಿಂದ ಎದ್ದೇಬಿಟ್ಟಳು.

“ಬಾಯಿ ಹಾಕಿದೆ, ಇನ್ನೂ ನುಂಗಿಲ್ಲ. ನೀವು ಕೂತ್ಕೊಳ್ಳಿ.”

ಹಾಗೆಂದನೇ ಹೊರತು ಅವನಿಗೂ ಧೈರ್ಯವಿರಲಿಲ್ಲ. ಓಡುವ ವಿಸಿಆರ್ ಅಂತ ಅಂಗಡಿಯಲ್ಲಿದ್ದದ್ದು ಅದೊಂದೇ. ಬಹುಶಃ ಊರಿಗೇ ಅದೊಂದೇ. ಒಂದು ಕಾಲಕ್ಕೆ ಜನ ಕೆಟ್ಟ ವಿಸಿಆರ್‌ಗಳನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದು ಈ ಬೆಂಚಿನ ಮುಂದೆ ಸಾಲು ನಿಲ್ಲುತ್ತಿದ್ದರು. ಈಗ ಟೇಪಣ್ಣ ಫೋನಿನ ಗಾಜು ಬದಲಾಯಿಸಿ ಹೊಟ್ಟೆ ಹೊರೆಯುತ್ತಿದ್ದ. ಹೆಸರು ಮಾತ್ರ ಹಳೆಯದೇ ಉಳಿದಿತ್ತು.

“ಈ ಹೆಣಗಳನ್ನ ಎಷ್ಟು ದಿನ ಕಾಯ್ತೀರಿ?” ಎಂದು ಹೆಂಡತಿ ವರ್ಷಗಟ್ಟಲೆ ಬೈದ ಮೇಲೆ ಇವತ್ತು ಬೆಳಿಗ್ಗೆ ಹಳೆಯ ಯಂತ್ರಗಳನ್ನೆಲ್ಲ ಗುಜರಿ ಗಾಡಿಗೆ ಹೇರಿದ್ದ. ಗಾಡಿ ಬೀದಿಯ ತಿರುವು ದಾಟುತ್ತಿದ್ದಾಗ ಈ ಹೆಂಗಸು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ್ದಳು. ಇದು ಅವಳು ಹತ್ತಿದ ಹನ್ನೆರಡನೇ ಅಂಗಡಿಯಂತೆ.

“ಮದುವೆ ಕ್ಯಾಸೆಟ್ಟು. ಗಂಡ ಅನ್ನಿಸ್ಕೊಂಡೋನು ಈ ಮದುವೆ ಆಗೇ ಇಲ್ಲ ಅಂತ ಸಾಧಿಸ್ತಿದಾನೆ. ನೋಂದಣಿ ಕಚೇರಿಗೆ ಬೆಂಕಿ ಬಿದ್ದು ಪುಸ್ತಕ ಸುಟ್ಟೋಯ್ತು. ಸಾಕ್ಷಿ ಹಾಕಿದೋರು ಸತ್ತೋದ್ರು. ಉಳಿದಿರೋದು ಇದೊಂದೇ ಅಣ್ಣಾ. ಹನ್ನೊಂದಕ್ಕೆ ಕೋರ್ಟು. ಇವತ್ತೇ ಕೊನೆ ಅಂದಿದಾರೆ.”

ಟೇಪಣ್ಣನ ತಂಗಿಯನ್ನೂ ಗಂಡ ಹೀಗೇ ಬೀದಿಗೆ ಬಿಟ್ಟಿದ್ದ. ಇನ್ನೇನು ಕೇಳುವುದು? ಐವತ್ತೆಂಟರ ಮಂಡಿ ನೋವನ್ನೂ ಮರೆತು ಗಾಡಿಯ ಹಿಂದೆ ಓಡಿದ್ದ. ಗುಜರಿಯವನ ಕೈಕಾಲು ಹಿಡಿದು ಒಂದನ್ನು ಎತ್ತಿಕೊಂಡು ಬಂದಿದ್ದ. ಆ ಪುಣ್ಯಾತ್ಮ ಯಂತ್ರವೇ ಈಗ ಹೀಗೆ ಕೈಕೊಟ್ಟಿತ್ತು.

ಗಡಿಯಾರ ಹತ್ತು ಗಂಟೆ ತೋರಿಸುತ್ತಿತ್ತು.

ಮುಚ್ಚಳದ ತಿರುಪು ಬಿಚ್ಚಿದ. ಒಂದು ಗೇಣು ಟೇಪು ರಬ್ಬರ್ ಚಕ್ರಕ್ಕೆ ಸುತ್ತಿಕೊಂಡು ನಜ್ಜುಗುಜ್ಜಾಗಿತ್ತು. ಅಂಚಿಗೆಲ್ಲ ಬಿಳಿ ಬೂಷ್ಟು. ಚಿಮುಟದಿಂದ ಎಳೆ ಎಳೆಯಾಗಿ ಬಿಡಿಸಿದ.

“ಇಷ್ಟನ್ನ ಕತ್ತರಿಸ್ಲೇಬೇಕು. ಆರು ಸೆಕೆಂಡು ಹೋಗುತ್ತೆ.”

“ಯಾವ ಆರು ಸೆಕೆಂಡು?”

“ಅದು ಹೇಗೆ ಹೇಳ್ಲಿ? ಸಹಿ ಹಾಕೋ ಹೊತ್ತಿನದೂ ಇರ್ಬಹುದು.”

ಅವಳು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ತಾರೀಕು ಹೋಗ್ಬಾರದು. ಆಗಿನ ಕ್ಯಾಮೆರಾದಲ್ಲಿ ಮೂಲೇಲಿ ತಾರೀಕು ಬರ್ತಿತ್ತಲ್ಲ, ಅದು ಬೇಕೇ ಬೇಕು. ಅದಿಲ್ಲ ಅಂದ್ರೆ ನಾನು ಸತ್ತ ಹಾಗೇ.”

ಅವಳ ಎಡ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದ್ದನ್ನು ಟೇಪಣ್ಣ ಆಗ ನೋಡಿದ. ಮುರಿದದ್ದನ್ನು ಯಾರೂ ಆಸ್ಪತ್ರೆಗೆ ತೋರಿಸಿರಲಿಲ್ಲ.

ಹೊರಗೆ ಬೈಕೊಂದು ನಿಂತಿತು. ಕಣ್ಣು ಮಿಟುಕಿಸುವುದರೊಳಗೆ ಹೆಂಗಸು ಕಪಾಟಿನ ಹಿಂದೆ ಸರಿದಿದ್ದಳು.

“ಕೊರಿಯರ್‌ನೋನು,” ಎಂದ ಟೇಪಣ್ಣ. “ಪಕ್ಕದ ಅಂಗಡಿಗೆ.”

ಅವಳು ಹೊರಗೆ ಬರಲು ಪೂರ್ತಿ ಒಂದು ನಿಮಿಷ ಹಿಡಿಯಿತು. ಇಷ್ಟು ಹೆದರಿಸಿಟ್ಟವನ ಹೆಂಡತಿ ಅನ್ನಿಸಿಕೊಳ್ಳಲು ಇಷ್ಟು ಪರದಾಟವೇ ಎಂದು ಟೇಪಣ್ಣನಿಗೆ ಕರುಳು ಚುರುಕ್ಕೆಂದಿತು. ಹೆಣ್ಣಿನ ಜೀವ, ಎಲ್ಲಿಗೆ ತಾನೇ ಹೋಗುತ್ತೆ ಅಂದುಕೊಂಡ.

ಉಸಿರು ಬಿಗಿಹಿಡಿದು ಕತ್ತರಿಸಿದ. ಎರಡು ತುದಿ ಕೂಡಿಸಿ ಅಂಟುಪಟ್ಟಿ ಹಚ್ಚಿದ. ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ಕಣ್ಣುಮುಚ್ಚಿ ಬಟನ್ ಒತ್ತಿದ.

ಹಿಮ ಸುರಿದ ಹಾಗೆ ಬಿಳಿ ಚುಕ್ಕಿಗಳು. ಆಮೇಲೊಂದು ಮೇಜು. ತೆರೆದ ದಾಖಲೆ ಪುಸ್ತಕ. ಪೆನ್ನು ಹಿಡಿದ ತೆಳ್ಳನೆಯ ಯುವಕ. ಪಕ್ಕದಲ್ಲಿ ತಲೆ ತಗ್ಗಿಸಿದ ವಧು.

“ತಾರೀಕು,” ಎಂದಳು ಹೆಂಗಸು. ಪರದೆಯ ಮೂಲೆಗೆ ಬೆರಳು ಇಟ್ಟಳು. “ಅಣ್ಣಾ, ತಾರೀಕಿದೆ.”

ವರ ಸಹಿ ಹಾಕಿ ಕ್ಯಾಮೆರಾದ ಕಡೆ ತಿರುಗಿದ.

“ಇಪ್ಪತ್ತೆರಡು ವರ್ಷ,” ಎಂದ ಟೇಪಣ್ಣ. “ಈಗ ಗುರುತು ಸಿಗೋದೂ ಕಷ್ಟ.”

“ಇವನು ಸಿಗ್ತಾನೆ. ಎಲ್ಲಿದ್ರೂ ಸಿಗ್ತಾನೆ.” ಅವಳು ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. “ಹುಡುಗಿ ಒಂದ್ಸಲ ತಲೆ ಎತ್ತಿದ್ರೆ ಸಾಕು ದೇವ್ರೇ.”

ವಧು ತಲೆ ಎತ್ತಿದಳು. ದುಂಡು ಮುಖ, ಬಾಯಿ ತುಂಬ ನಗು. ಸಹಿ ಹಾಕಿದಳು. ಯಾರೋ ಚಪ್ಪಾಳೆ ತಟ್ಟಿದರು.

“ಎಷ್ಟು ನಗ್ತಿದಾಳೆ, ಪಾಪ,” ಎಂದು ಹೆಂಗಸು ಅತ್ತಳು. ಟೇಪಣ್ಣ ಮುಖ ತಿರುಗಿಸಿಕೊಂಡ. ತನ್ನ ಹಳೆಯ ನಗುವನ್ನು ನೋಡಿ ಅಳುವವರ ಎದುರು ಕೂರಬಾರದು.

ಹತ್ತೂ ನಲವತ್ತಕ್ಕೆ ಪೂರ್ತಿ ನಕಲು ಪೆನ್‌ಡ್ರೈವಿಗೆ ಇಳಿಯಿತು. ಕ್ಯಾಸೆಟ್ಟನ್ನೂ ಅದನ್ನೂ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. ಅವಳು ಚೀಲದ ಬಾಯಿ ಬಿಚ್ಚಲು ಹೋದಾಗ ಬೇಡವೆಂದು ತಲೆ ಅಲ್ಲಾಡಿಸಿದ.

“ಧೈರ್ಯವಾಗಿ ಹೋಗಮ್ಮಾ ತಂಗಿ. ನೀನು ಅವನ ಹೆಂಡತಿ ಅಂತ ಇನ್ನು ಕೋರ್ಟೇ ಹೇಳುತ್ತೆ. ಆ ಮನೆಯಿಂದ ನಿನ್ನನ್ನ ಯಾರೂ ಆಚೆ ಹಾಕೋಕಾಗಲ್ಲ.”

ಮೆಟ್ಟಿಲ ಮೇಲೆ ಅವಳ ಕಾಲು ನಿಂತಿತು. ತಿರುಗಿ ನೋಡಿದಳು.

“ಹೆಂಡತಿ ಅಂತ ಸಾಧಿಸ್ತಿರೋನು ಅವನು, ಅಣ್ಣಾ. ನನ್ನನ್ನ ವಾಪಸ್ ಆ ಮನೆಗೆ ಕಳ್ಸಿ ಅಂತ ಕೇಸು ಹಾಕಿದಾನೆ.”

“ಮತ್ತೆ ಈ ಮದುವೆ…?”

“ಆ ಹುಡುಗಿ ನಾನಲ್ಲ, ಅವನ ಮೊದಲನೇ ಹೆಂಡತಿ. ಇನ್ನೂ ಬದುಕಿದಾಳೆ, ಅವನ ಭಯಕ್ಕೆ ಕೋರ್ಟಿಗೆ ಬರಲ್ಲ, ಕ್ಯಾಸೆಟ್ಟು ಮಾತ್ರ ಕೊಟ್ಟಳು. ಅವಳಿಗೆ ಡೈವೋರ್ಸ್ ಕೊಡದೇನೇ ನನ್ನ ಕಟ್ಕೊಂಡ. ಅವಳ ಮದುವೆ ಆಗಿತ್ತು ಅಂತಾದ್ರೆ ಅಣ್ಣಾ, ನಂದು ಆಗೇ ಇಲ್ಲ.”